ಪ್ರಿಂಟರ್ ಕೆಟ್ಟಿಲ್ಲ ಕಣಕ್ಕ

ಪ್ರಿಂಟರ್ ಕೆಟ್ಟೋಯ್ತು ಅಂತ ಅಷ್ಟು ಬೇಗ ತೀರ್ಮಾನ ಮಾಡಬೇಡಿ ಅಕ್ಕ. ಚನ್ನರಾಯಪಟ್ಟಣದ ನಿಮ್ಮ ಆಫೀಸಲ್ಲಿ ಬೆಳಿಗ್ಗೆಯಿಂದ ಒಂದು ಹಾಳೆನೂ ಆಚೆ ಬರಲಿಲ್ಲ, ಜನ ಕಾದು ಕಾದು ಬೈಕೊಂಡು ಹೋದರು, ಎಲ್ಲ ಸರಿ. ಆದರೆ ನಾಲ್ಕು ಟೇಬಲ್ಲಿನವರು ಒಂದೇ ಪ್ರಿಂಟರಿಗೆ ಕಳಿಸ್ತಾರೆ ಅಂದಮೇಲೆ ಬಹುಪಾಲು ತೊಂದರೆ ಇರೋದು ಪ್ರಿಂಟರಲ್ಲಲ್ಲ, ದಾರೀಲಿ. ಇಲ್ಲಿ ಹಾಸನ, ಆಚೆ ಹೊಳೆನರಸೀಪುರ, ಅರಕಲಗೂಡು, ನಿಮ್ಮ ಚನ್ನರಾಯಪಟ್ಟಣ, ಈ ನಾಲ್ಕೂರಿನ ಕಚೇರಿ, ಸೊಸೈಟಿ, ಕಾಲೇಜು, ವಕೀಲರ ಚೇಂಬರು ಎಲ್ಲ ಕಡೆ ನಾನು ನೋಡಿರೋದು ಇದನ್ನೇ. "ಪ್ರಿಂಟರ್ ಹೋಯ್ತು, ಬೇಗ ಬನ್ನಿ" ಅಂತ ಫೋನ್ ಬರುತ್ತೆ. ಹೋಗಿ ನೋಡಿದರೆ ಅದು ಹಸಿರು ಲೈಟ್ ಹಾಕ್ಕೊಂಡು ಕೂತಿರುತ್ತೆ. ಅದಕ್ಕೆ ಯಾರೂ ಏನೂ ಕಳಿಸೇ ಇರಲ್ಲ, ಕಳಿಸಿದ್ದು ತಲುಪೇ ಇರಲ್ಲ.

ನಿಮ್ಮ ತವರಿನ ಗದ್ದೆ ಹೇಮಾವತಿ ಕಾಲುವೆಯ ಕೊನೇಲಿದೆ ಅಲ್ವಾ? ನೀರು ಬರಲಿಲ್ಲ ಅಂದ್ರೆ ನಿಮ್ಮಣ್ಣ ಗದ್ದೆ ಅಗೆಯೋಕೆ ಹೋಗಲ್ಲ. ಬದುವಿನಿಂದ ಶುರು ಮಾಡಿ ತೂಬಿನವರೆಗೂ ನಡೆದು, ಎಲ್ಲಿ ಕಟ್ಕೊಂಡಿದೆ ಅಂತ ನೋಡ್ತಾರೆ. ಪ್ರಿಂಟರಿಗೂ ಅದೇ ನಡಿಗೆ. ಹಾಳೆ ಬೀಳೋ ತುದಿಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ನಿಮ್ಮ ಆಪರೇಟರ್ ಹುಡುಗ ಮಾಡೋದು ಉಲ್ಟಾ. ಎಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಮಾಡ್ತಾನೆ, ಪ್ರಿಂಟರ್ ಆಫ್ ಮಾಡ್ತಾನೆ, ವೈರೆಲ್ಲ ಕಿತ್ತು ಮತ್ತೆ ಚುಚ್ತಾನೆ, ಎಲ್ಲಾ ಒಟ್ಟಿಗೇ. ಒಂದೊಂದು ಸಲ ಅದರಿಂದ ಸರಿನೂ ಹೋಗುತ್ತೆ. ಆದರೆ ಯಾವುದರಿಂದ ಸರಿಯಾಯ್ತು ಅನ್ನೋದು ಯಾರಿಗೂ ತಿಳಿಯಲ್ಲ, ನಾಡಿದ್ದು ಮತ್ತೆ ಅದೇ ಗೋಳು.

ನಿಮ್ಮಲ್ಲಿರೋದು ಯಾವ ಪ್ರಿಂಟರ್? ಎಚ್‌ಪಿ 1020ನಾ? ಸರಿ, ಹಾಗಾದ್ರೆ ಕೇಳಿ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900, ಈ ಎರಡು ಇಲ್ಲದ ಕಚೇರಿ ನಮ್ಮ ಕಡೆ ಹುಡುಕಬೇಕು. ಗಟ್ಟಿ ಯಂತ್ರಗಳು. ಒಂದು ಕಾರ್ಟ್ರಿಡ್ಜಿಗೆ ಸುಮಾರು 2000 ಹಾಳೆ ಅಂತ ಕಂಪನಿ ಲೆಕ್ಕ, 12ಎ ಕಾರ್ಟ್ರಿಡ್ಜಂತೂ ಯಾವ ತಾಲ್ಲೂಕು ಕೇಂದ್ರದಲ್ಲಿ ಬೇಕಾದ್ರೂ ರೀಫಿಲ್ ಆಗುತ್ತೆ. ಆದರೆ ಈ ಎರಡಕ್ಕೂ ನೆಟ್‌ವರ್ಕ್ ವೈರ್ ಚುಚ್ಚೋ ಜಾಗವೇ ಇಲ್ಲ, ಇರೋದು ಯುಎಸ್‌ಬಿ ಮಾತ್ರ. ಅಂದ್ರೆ ಯಾರೋ ಒಬ್ಬರ ಕಂಪ್ಯೂಟರಿಗೆ ಕಟ್ಟಿ ಹಾಕಬೇಕು, ಮಿಕ್ಕವರು ಆ ಕಂಪ್ಯೂಟರ್ ಮೂಲಕ ಹೋಗಬೇಕು. ಆ 1020ಗೆ ಇನ್ನೊಂದು ಸ್ವಭಾವ ಇದೆ. ಪ್ರತಿ ಸಲ ಆನ್ ಮಾಡಿದಾಗ ಅದರ ಫರ್ಮ್‌ವೇರನ್ನ ಕಂಪ್ಯೂಟರೇ ಯುಎಸ್‌ಬಿ ಮೂಲಕ ಅದಕ್ಕೆ ತುಂಬಬೇಕು. ಕಂಪ್ಯೂಟರ್ ಆಫ್ ಇದ್ದಾಗ ಪ್ರಿಂಟರನ್ನ ಎಷ್ಟು ಸಲ ಆನ್ ಆಫ್ ಮಾಡಿದ್ರೂ ಪ್ರಯೋಜನ ಇಲ್ಲ.

ನಿಮ್ಮಲ್ಲಿ ಯಾರ ಕಂಪ್ಯೂಟರಿಗೆ ಕಟ್ಟಿದೆ? ಎಫ್‌ಡಿಎ ಮೇಡಂದಾ? ಅವರು ಇವತ್ತು ರಜಾ ಅಂತ ನೀವೇ ಈಗ ಹೇಳಿದ್ರಲ್ಲ!

ನೋಡಿ, ಅಲ್ಲಿಗೆ ಅರ್ಧ ಕಥೆ ಮುಗೀತು. ಅವರ ಕಂಪ್ಯೂಟರ್ ಆನ್ ಆಗದೆ ನಿಮ್ಮ ಹಾಳೆ ಬರಲ್ಲ. ಬಂದಿದ್ದರೂ ಅಷ್ಟೇ, ಊಟಕ್ಕೆ ಎದ್ದು ಹೋದಾಗ ಅದು ಸ್ಲೀಪ್‌ಗೆ ಹೋದರೆ ನಿಮಗೆ ಆಫ್‌ಲೈನ್ ಅಂತ ತೋರಿಸುತ್ತೆ. ಅವರು ಪಾಸ್‌ವರ್ಡ್ ಬದಲಾಯಿಸಿದರೆ ನಿಮ್ಮ ಕಂಪ್ಯೂಟರಲ್ಲಿ ಉಳಿದಿರೋ ಹಳೇ ಪಾಸ್‌ವರ್ಡ್ ಹಿಡ್ಕೊಂಡು ನೀವು ಬಾಗಿಲು ತಟ್ತಾ ಇರ್ತೀರಿ, ಅದು ಒಳಗೆ ಬಿಡಲ್ಲ. ಕಂಟ್ರೋಲ್ ಪ್ಯಾನಲ್ಲಿನ ಕ್ರೆಡೆನ್ಶಿಯಲ್ ಮ್ಯಾನೇಜರಲ್ಲಿ ಹಳೇದನ್ನ ಅಳಿಸಿ ಹೊಸದು ಹಾಕಬೇಕು. ಇನ್ನೊಂದು, ಅವರ ಕಂಪ್ಯೂಟರಲ್ಲಿ ನೆಟ್‌ವರ್ಕ್ ಪಬ್ಲಿಕ್ ಅಂತ ಇದ್ದರೆ ವಿಂಡೋಸ್ ಅದನ್ನ ಬಸ್ ಸ್ಟ್ಯಾಂಡಿನ ವೈಫೈ ಅಂದುಕೊಂಡು ಯಾರಿಗೂ ಏನೂ ಹಂಚಲ್ಲ. ಅದನ್ನ ಪ್ರೈವೇಟ್ ಮಾಡಿ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಹೋಗೋರಿದ್ದಾರೆ. ಅದನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಒಂದು ಹಾಳೆ ಬರಲಿಲ್ಲ ಅಂತ ಜನರ ದಾಖಲೆ ಇರೋ ಕಂಪ್ಯೂಟರಿನ ಬಾಗಿಲು ತೆಗೆದಿಟ್ಟು ಹೋಗೋದಾ?

ಏನಂದ್ರಿ? ಕರೆಂಟ್ ಹೋಗಿ ಬಂದಮೇಲೆ ಶುರುವಾಯ್ತಾ? ಅದನ್ನ ಮೊದಲೇ ಹೇಳಬೇಕಿತ್ತು.

ನಮ್ಮ ಕಡೆಯ ಕಚೇರಿಗಳಲ್ಲಿ ಕರೆಂಟ್ ಹೋದಾಗ ಏನಾಗುತ್ತೆ ನೋಡಿ. ಕಂಪ್ಯೂಟರೆಲ್ಲ ಯುಪಿಎಸ್ ಮೇಲೆ ಇರ್ತವೆ, ಅವು ನಡೀತಾನೇ ಇರ್ತವೆ. ಲೇಸರ್ ಪ್ರಿಂಟರನ್ನ ಯುಪಿಎಸ್‌ಗೆ ಹಾಕಿರಲ್ಲ, ಹಾಕಲೂಬಾರದು. ಪುಡಿ ಕರಗಿಸಿ ಕಾಗದಕ್ಕೆ ಅಂಟಿಸೋಕೆ ಒಳಗಿರೋ ಫ್ಯೂಸರ್ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತೆ, ಚಿಕ್ಕ ಯುಪಿಎಸ್ ತಡೆಯಲ್ಲ. ಹಾಗಾಗಿ ಪ್ರಿಂಟರ್ ಸತ್ತಿರುತ್ತೆ, ಕಂಪ್ಯೂಟರ್ ಬದುಕಿರುತ್ತೆ. ಆಗ ಜನ ಪ್ರಿಂಟ್ ಒತ್ತುತ್ತಾರೆ. ಬರಲಿಲ್ಲ ಅಂತ ಮತ್ತೆ ಒತ್ತುತ್ತಾರೆ. ಪಕ್ಕದವರು ಬಂದು, "ತಡೀರಿ, ನಾನು ನೋಡ್ತೀನಿ" ಅಂತ ಅವರೂ ಒಂದು ಸಲ ಒತ್ತುತ್ತಾರೆ. ಒತ್ತಿದ್ದೆಲ್ಲ ಸ್ಪೂಲರ್ ಅನ್ನೋ ಸೇವೆಯ ಹತ್ತಿರ ಸಾಲಾಗಿ ನಿಂತಿರುತ್ತೆ. ಕರೆಂಟ್ ಬಂದ ತಕ್ಷಣ ಒಂದೇ ಪತ್ರದ ಐದು ಪ್ರತಿ ಹೊರಗೆ ಬರುತ್ತೆ. ಇಲ್ಲಾಂದ್ರೆ ಅರ್ಧ ಹೋಗಿದ್ದ ಮೊದಲ ಪತ್ರ ಅಲ್ಲೇ ಸಿಕ್ಕಿಕೊಂಡು, ಅದರ ಹಿಂದೆ ನಿಂತವರ್ಯಾರೂ ಮುಂದೆ ಹೋಗಂಗಿಲ್ಲ. ಡಿಲೀಟ್ ಒತ್ತಿದರೆ "ಡಿಲೀಟಿಂಗ್" ಅಂತಲೇ ನಿಂತಿರುತ್ತೆ.

ಅದಕ್ಕೆ ಮದ್ದು ಸುಲಭ. ಪ್ರಿಂಟರ್ ಕಟ್ಟಿರೋ ಕಂಪ್ಯೂಟರಲ್ಲಿ ಸರ್ವೀಸಸ್ ತೆಗೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಲ್ಲಿ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಆ ಕೊನೇ ಫೋಲ್ಡರ್ ಒಳಗಿರೋ ಕಡತಗಳನ್ನ ಮಾತ್ರ ಅಳಿಸಿ, ಫೋಲ್ಡರನ್ನಲ್ಲ. ಮತ್ತೆ ಸ್ಪೂಲರ್ ಶುರು ಮಾಡಿ. ಅದಾದ ಮೇಲೆ ನಿಮ್ಮ ಕಂಪ್ಯೂಟರಲ್ಲೂ ಒಂದು ಸಲ ನೋಡಿ, ಅಲ್ಲೂ ಸಾಲು ನಿಂತಿರಬಹುದು. ಇಷ್ಟಕ್ಕೆ ನನ್ನಂಥವರನ್ನ ಹಾಸನದಿಂದ ಕರೆಸಬೇಕಾಗಿಲ್ಲ.

ಕರೆಂಟಿನ ಇನ್ನೊಂದು ಕಾಟ ನೆಟ್‌ವರ್ಕ್ ಪ್ರಿಂಟರ್ ಇರೋ ಕಡೆ ಬರುತ್ತೆ. ಹೊಳೆನರಸೀಪುರದಲ್ಲಿ ಒಂದು ಕಚೇರಿಗೆ ನೇರ ನೆಟ್‌ವರ್ಕಿಗೆ ಹಾಕೋ ಒಳ್ಳೇ ಪ್ರಿಂಟರೇ ತಂದಿದ್ದರು. ಆದರೂ ಕರೆಂಟ್ ಹೋಗಿ ಬಂದಾಗೆಲ್ಲ ಆಫ್‌ಲೈನ್. ಆಗಿದ್ದೇನಂದ್ರೆ, ಪ್ರಿಂಟರಿಗೆ ಅಂತ ಕಾಯಂ ಐಪಿ ವಿಳಾಸ ಕೊಟ್ಟಿರಲಿಲ್ಲ. ರೂಟರ್ ಪ್ರತಿ ಸಲ ಎದ್ದಾಗ ಯಾರು ಮೊದಲು ಕೇಳ್ತಾರೋ ಅವರಿಗೆ ಒಂದು ವಿಳಾಸ ಹಂಚುತ್ತೆ. ನಿನ್ನೆ ಪ್ರಿಂಟರಿನದಾಗಿದ್ದ ವಿಳಾಸ ಇವತ್ತು ಯಾರದೋ ಮೊಬೈಲಿಗೆ ಹೋಗಿರುತ್ತೆ. ಕಂಪ್ಯೂಟರುಗಳು ಪಾಪ, ಹಳೇ ವಿಳಾಸಕ್ಕೇ ಪತ್ರ ಹಾಕ್ತಾ ಇರ್ತವೆ. ರೂಟರ್ ಒಳಗೆ ಹೋಗಿ ಪ್ರಿಂಟರಿನ ಮ್ಯಾಕ್ ವಿಳಾಸ ಬರೆದು ಅದಕ್ಕೊಂದು ಐಪಿ ಕಾಯ್ದಿರಿಸಿದರೆ ಮುಗೀತು. ಆ ಐಪಿಯನ್ನ ಒಂದು ಚೀಟೀಲಿ ಬರೆದು ಪ್ರಿಂಟರ್ ಮೇಲೇ ಅಂಟಿಸಿ ಬರಬೇಕು. ನಾನು ಹೋದ ಕಡೆಯೆಲ್ಲ ಅಂಟಿಸ್ತೀನಿ, ಯಾಕಂದ್ರೆ ಮುಂದೆ ಬರೋನು ನಾನೇ ಆಗಿರ್ತೀನಿ ಅಂತ ಏನಿದೆ?

ಆ ಚೀಟಿ ಇದ್ದರೆ ನೀವೇ ಪರೀಕ್ಷೆ ಮಾಡಬಹುದು. ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಅಂತ ಹೊಡೆದು ಆ ಸಂಖ್ಯೆ ಹಾಕಿ. ರಿಪ್ಲೈ ಬಂತು ಅಂದ್ರೆ ವೈರು, ಸ್ವಿಚ್ಚು ಎಲ್ಲ ಸರಿ, ತೊಂದರೆ ನಿಮ್ಮ ಕಂಪ್ಯೂಟರಿನ ಸ್ಪೂಲರಲ್ಲೋ ಡ್ರೈವರಲ್ಲೋ ಇದೆ. ರಿಪ್ಲೈ ಬರಲಿಲ್ಲ ಅಂದ್ರೆ ಎದ್ದು ಹೋಗಿ ವೈರ್ ನೋಡಿ, ಸ್ವಿಚ್ಚಿನ ಆ ಕಿಂಡಿಯ ಲೈಟ್ ಉರೀತಿದೆಯಾ ನೋಡಿ. ಪ್ರಿಂಟರಿನಿಂದ ತೆಗೆದ ಮಾಹಿತಿ ಹಾಳೇಲಿ ಐಪಿ 169.254 ಅಂತ ಶುರುವಾಗಿದ್ದರೆ, ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ. ರೂಟರಿನ ತನಕ ಅದು ಹೋಗೇ ಇಲ್ಲ. ಇಲಿ ವೈರ್ ಕಡಿದಿರೋದು ಆಗಲೇ ಗೊತ್ತಾಗೋದು. ಹಳೇ ಕಟ್ಟಡಗಳಲ್ಲಿ ಇಲಿಗಳ ಕಾಟ ಕಮ್ಮಿ ಅಲ್ಲ ಕಣಕ್ಕ, ಅದರಲ್ಲೂ ರೆಕಾರ್ಡ್ ರೂಮಿನ ಪಕ್ಕ ಹಾದು ಹೋಗೋ ವೈರಿಗೆ.

ಮಳೆಗಾಲದಲ್ಲಿ ಅರಕಲಗೂಡಿನ ಕಡೆ ಹೋದರೆ ಬೇರೆ ಥರದ ದೂರು. ಮಲ್ಲಿಪಟ್ಟಣ, ದೊಡ್ಡಮಗ್ಗೆ ಕಡೆ ಮಲೆನಾಡಿನ ಸೆರಗು ತಾಗುತ್ತೆ, ಕಾಗದ ಥಂಡಿ ಹಿಡಿದು ಸುರುಳಿ ಸುತ್ಕೊಳ್ಳುತ್ತೆ. ಜಾಮ್ ಆಗುತ್ತೆ, ಒಟ್ಟಿಗೆ ಎರಡೆರಡು ಹಾಳೆ ಎಳೆಯುತ್ತೆ. ರೀಮ್ ಒಡೆದು ಮೇಜಿನ ಮೇಲೆ ಬಿಡಬೇಡಿ, ಬೇಕಾದಷ್ಟು ತೆಗೆದು ಮಿಕ್ಕಿದ್ದನ್ನ ಅದರ ಕವರಲ್ಲೇ ಮಡಿಸಿ ಬೀರುವಿನಲ್ಲಿಡಿ. ಬೆಳಿಗ್ಗೆ ಟ್ರೇಯಲ್ಲಿರೋ ಹಾಳೆ ತೆಗೆದು, ಒದರಿ, ತಿರುಗಿಸಿ ಹಾಕಿದರೆ ಅರ್ಧ ಜಾಮ್ ತಪ್ಪುತ್ತೆ.

ಇನ್ನು ಯಾರೂ ಊಹಿಸದ ಒಂದು ಕಾರಣ ಇದೆ, ಕಾಗದದ ಅಳತೆ. ನಮ್ಮ ಟ್ರೇಯಲ್ಲಿರೋದು ಎ4, ಒಮ್ಮೊಮ್ಮೆ ಲೀಗಲ್. ಹೊಸದಾಗಿ ಡ್ರೈವರ್ ಹಾಕಿದಾಗ ಅದು ಅಮೆರಿಕದ ಲೆಟರ್ ಅಳತೆ ಹಿಡ್ಕೊಂಡು ಕೂತಿರುತ್ತೆ. ಎ4 ಅಂದ್ರೆ 210ಕ್ಕೆ 297 ಮಿಲಿಮೀಟರ್, ಲೆಟರ್ ಅಂದ್ರೆ 216ಕ್ಕೆ 279. ಒಬ್ಬರು ಆ ಅಳತೆಯಲ್ಲಿ ಒಂದು ಪತ್ರ ಕಳಿಸಿದರೆ ಸಾಕು, ಪ್ರಿಂಟರ್ "ಲೆಟರ್ ಹಾಕಿ" ಅಂತ ಲೈಟ್ ಮಿಣುಕಿಸ್ತಾ ನಿಲ್ಲುತ್ತೆ, ಹಿಂದಿನವರದೆಲ್ಲ ನಿಂತುಹೋಗುತ್ತೆ. ನೀವು ನಾಲ್ಕು ಜನ ಇದ್ದು, ತಪ್ಪು ಅಳತೆ ಯಾರ ಕಂಪ್ಯೂಟರಿಂದ ಬಂತು ಅಂತ ಕಂಡುಹಿಡಿಯೋದರಲ್ಲೇ ಮಧ್ಯಾಹ್ನ ಆಗುತ್ತೆ. ಎಲ್ಲರ ಪ್ರಿಂಟರ್ ಸೆಟ್ಟಿಂಗಲ್ಲಿ ಎ4 ಅಂತ ಒಂದು ಸಲ ಕೂರಿಸಿ. ಹಾಗೇ ವಿಂಡೋಸ್ 10, 11ರಲ್ಲಿ "ಡೀಫಾಲ್ಟ್ ಪ್ರಿಂಟರನ್ನ ವಿಂಡೋಸೇ ನೋಡಿಕೊಳ್ಳಲಿ" ಅನ್ನೋ ಒಂದು ಗುರುತು ಇರುತ್ತೆ, ಅದನ್ನ ತೆಗೀರಿ. ಇಲ್ಲಾಂದ್ರೆ ಕೊನೇ ಸಲ ಯಾವುದಕ್ಕೆ ಕಳಿಸಿದ್ರೋ ಅದೇ ಡೀಫಾಲ್ಟ್ ಆಗಿ, ನಿಮ್ಮ ಪತ್ರ ಸಾಹೇಬರ ಕೋಣೆಯ ಪ್ರಿಂಟರಲ್ಲಿ ಬಿದ್ದಿರುತ್ತೆ.

ಕನ್ನಡದ ಅಕ್ಷರ ಗೀಚುಗೀಚಾಗಿ ಬಂತು ಅಂದ್ರಲ್ಲ ಹೋದ ವಾರ, ಅದೂ ಪ್ರಿಂಟರಿನ ತಪ್ಪಲ್ಲ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿ ತಂತ್ರಾಂಶದಲ್ಲಿ ಬರೆದ ಹಳೇ ಕಡತಗಳು ಇವೆ ನೋಡಿ, ಅವು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲೇ ಕನ್ನಡದ ಆಕಾರ ಕೂರಿಸಿದ ಫಾಂಟಿನವು. ಯಾವ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲವೋ ಅಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪ್ರಿಂಟರ್ ಇರೋ ಮೇಜಿಗೆ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ ಪ್ರಿಂಟ್ ಕೊಡ್ತೀರಲ್ಲ, ಆಗ ಆಗೋದೇ ಇದು. ನಿಮ್ಮ ಕಂಪ್ಯೂಟರಲ್ಲೇ ಪಿಡಿಎಫ್ ಮಾಡ್ಕೊಂಡು ಹೋಗಿ, ಫಾಂಟ್ ಅದರೊಳಗೇ ಬರುತ್ತೆ. ಹೊಸದಾಗಿ ಬರೆಯೋದನ್ನೆಲ್ಲ ಯೂನಿಕೋಡಲ್ಲೇ ಬರೀರಿ. ಇಪ್ಪತ್ತು ವರ್ಷ ಕಳೆದು ಆ ಕಡತ ತೆರೆಯೋರಿಗೂ ಓದೋಕಾಗಬೇಕಲ್ಲ.

ಅದಿರಲಿ, 2021ರಲ್ಲಿ ಒಂದು ದೊಡ್ಡ ಗದ್ದಲ ಆಯ್ತು, ನಿಮಗೆ ನೆನಪಿರಬೇಕು. ವಿಂಡೋಸಿನ ಇದೇ ಸ್ಪೂಲರಲ್ಲಿ ಒಂದು ತೂತು ಇದೆ, ಅದರ ಮೂಲಕ ಸಾಮಾನ್ಯ ಲಾಗಿನ್ ಇರೋ ಯಾರು ಬೇಕಾದ್ರೂ ಕಂಪ್ಯೂಟರನ್ನ ವಶ ಮಾಡ್ಕೊಬಹುದು ಅಂತ ಆ ವರ್ಷದ ಬೇಸಿಗೆ ಕಳೆದ ಮೇಲೆ ಹೊರಗೆ ಬಂತು. ಪ್ರಿಂಟ್‌ನೈಟ್‌ಮೇರ್ ಅಂತ ಹೆಸರಿಟ್ಟರು. ಮೈಕ್ರೋಸಾಫ್ಟ್ ಜುಲೈಯಲ್ಲಿ ಅವಸರದ ಅಪ್‌ಡೇಟ್ ಕೊಡ್ತು, ಆಮೇಲೂ ಸ್ಪೂಲರಿನ ಒಂದೊಂದೇ ಬಾಗಿಲು ಬಿಗಿ ಮಾಡ್ತಾ ಬಂತು. ಸೆಪ್ಟೆಂಬರಿನ ಅಪ್‌ಡೇಟ್ ಬಂದಮೇಲೆ ಜಗತ್ತಿನ ಎಷ್ಟೋ ಕಚೇರೀಲಿ ಶೇರ್ ಮಾಡಿದ ಪ್ರಿಂಟರ್ ಒಮ್ಮೆಲೇ ನಿಂತುಹೋಯ್ತು. ಕೊನೇಲಿ 11ಬಿ ಅಂತ ಇರೋ ಒಂದು ದೋಷ ಸಂಖ್ಯೆ ತೋರಿಸೋದು. ಪ್ರಿಂಟರ್ ಹಂಚಿರೋ ಕಂಪ್ಯೂಟರೂ ಅದಕ್ಕೆ ಕಳಿಸೋ ಕಂಪ್ಯೂಟರೂ ಒಂದೇ ರೀತಿ ಬಿಗಿ ಭದ್ರತೇಲಿ ಮಾತಾಡಬೇಕು ಅಂತ ಆ ಅಪ್‌ಡೇಟ್ ಹಠ ಹಿಡೀತು, ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗದಿದ್ದರೆ ಜಗಳ. ಆಗ ಎಲ್ಲರೂ ಹಿಡಿದ ಅಡ್ಡದಾರಿ ಅಂದ್ರೆ ಅಪ್‌ಡೇಟ್ ಕಿತ್ತು ಹಾಕೋದು, ಇಲ್ಲಾ ರಿಜಿಸ್ಟ್ರಿಯಲ್ಲಿ ಆ ಭದ್ರತೆಯನ್ನ ಸೊನ್ನೆ ಮಾಡೋದು. ಇವತ್ತಿಗೂ ಎಷ್ಟೋ ಕಡೆ ಆ ಸೊನ್ನೆ ಹಾಗೇ ಕೂತಿದೆ. ಅದನ್ನ ಕಂಡಲ್ಲಿ ತೆಗೆಸಬೇಕು. ಎರಡೂ ಕಂಪ್ಯೂಟರಿಗೆ ಪೂರ್ತಿ ಅಪ್‌ಡೇಟ್ ಮಾಡಿ, ಅಡ್ಮಿನ್ ಲಾಗಿನ್ನಲ್ಲಿ ಡ್ರೈವರ್ ಹೊಸದಾಗಿ ಹಾಕೋದು ಸರಿಯಾದ ದಾರಿ.

ಈಗ ಅದೇ ಥರದ ಇನ್ನೊಂದು ಸುತ್ತು ಬಂದಿದೆ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತುಹೋಯ್ತಲ್ಲ, ಕಚೇರಿಗಳಲ್ಲಿ ಎರಡು ಹೊಸದು, ಮೂರು ಹಳೇದು ಅಂತ ಬೆರಕೆ ಆಗಿದೆ. ವಿಂಡೋಸ್ 11 ಪ್ರೊ ಇರೋ ಯಂತ್ರದಲ್ಲಿ 24ಎಚ್2 ಬಂದಮೇಲೆ, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಇನ್ನೊಂದು ಕಂಪ್ಯೂಟರಿನ ಶೇರಿಗೆ ಹೋಗೋಕೆ ಅದು ಒಪ್ಪಲ್ಲ. ಹಳೇ ಪದ್ಧತೀಲಿ ಪಾಸ್‌ವರ್ಡ್ ತೆಗೆದು ಹಂಚಿದ್ದ ಪ್ರಿಂಟರೆಲ್ಲ ಹೊಸ ಕಂಪ್ಯೂಟರಿಗೆ ಕಾಣದಂಗಾಗುತ್ತೆ. ಪ್ರಿಂಟರ್ ಇರೋ ಕಂಪ್ಯೂಟರಲ್ಲಿ ಪ್ರಿಂಟಿಗಾಗಿಯೇ ಒಂದು ಬಳಕೆದಾರರ ಹೆಸರು, ಪಾಸ್‌ವರ್ಡ್ ಮಾಡಿ ಅದನ್ನೇ ಎಲ್ಲರ ಕಂಪ್ಯೂಟರಲ್ಲೂ ಉಳಿಸಿದರೆ ಸಾಕು. ಯಾರ ಸ್ವಂತ ಪಾಸ್‌ವರ್ಡ್ ಬದಲಾದ್ರೂ ಪ್ರಿಂಟರಿಗೆ ತಾಗಲ್ಲ.

ನೀವು ನಗ್ತೀರಾ, ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋತಾನೆ ಇವನು ಅಂತ. ಆದರೆ ಕಂಪ್ಯೂಟರ್‌ಗಳನ್ನ ವೈರ್ ಹಾಕಿ ಒಂದಕ್ಕೊಂದು ಸೇರಿಸೋದು ಬೆಳೆದ ಕಥೇಲಿ ಪ್ರಿಂಟರಿಗೆ ದೊಡ್ಡ ಪಾಲಿದೆ, ಗೊತ್ತಾ? ಅಮೆರಿಕದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಇತ್ತು. ಅಲ್ಲಿ 1971ರ ಸುಮಾರಿಗೆ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ಕಟ್ಟಿದರು. ಆ ಕೇಂದ್ರದ ಒಬ್ಬೊಬ್ಬರ ಮೇಜಿಗೂ ಒಂದೊಂದು ಕಂಪ್ಯೂಟರ್ ಬರೋದಿತ್ತು, ಪ್ರಿಂಟರ್ ಮಾತ್ರ ಎಲ್ಲರಿಗೂ ಸೇರಿ. ಅವನ್ನೆಲ್ಲ ಆ ಪ್ರಿಂಟರಿಗೆ ಜೋಡಿಸೋ ದಾರಿ ಬೇಕಿತ್ತು. ಆ ಕೆಲಸಕ್ಕೆ ಕೂತ ಬಾಬ್ ಮೆಟ್‌ಕಾಫ್ 1973ರ ಮೇ ತಿಂಗಳಲ್ಲಿ ಬರೆದ ಟಿಪ್ಪಣೀಲಿ ಹುಟ್ಟಿದ್ದೇ ಈಥರ್ನೆಟ್. ಇವತ್ತು ನಿಮ್ಮ ಮೇಜಿನ ಕೆಳಗೆ ಹರಿದು ಹೋಗಿರೋ ನೀಲಿ ವೈರ್ ಇದೆಯಲ್ಲ, ಅದರ ಮೂಲ ಪುರುಷ ಅದು. ಆಮೇಲೆ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಕಥೆ. ಪ್ರಿಂಟರ್ ಇನ್ನೊಂದು ಮಹಡೀಲಿ, ಕಾಗದ ಸಿಕ್ಕಿಕೊಂಡಿರೋದು ಗೊತ್ತಾಗದೆ ಜನ ಹೋಗಿ ಹೋಗಿ ವಾಪಸ್ ಬರೋರು. ಹಳೇ ಪ್ರಿಂಟರಿಗೆ ಅವರು ಜಾಮ್ ಆದ ಕೂಡಲೇ ಕಾಯ್ತಿರೋರ ಕಂಪ್ಯೂಟರಿಗೆ ಸುದ್ದಿ ಹೋಗೋ ಹಾಗೆ ಮಾಡಿದ್ದರು. ಹೊಸ ಲೇಸರ್ ಪ್ರಿಂಟರಿಗೆ ಹಾಗೆ ಮಾಡೋಕೆ ಅದರ ಪ್ರೋಗ್ರಾಂ ಕೇಳಿದರೆ ಸಿಗಲಿಲ್ಲ. ಆ ಸಿಟ್ಟು ಒಳಗೇ ಉಳೀತು, 1983ರಲ್ಲಿ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯನ್ನ ಅವರು ಘೋಷಿಸಿದ್ದರ ಹಿಂದೆ ಅದೂ ಒಂದು.

ನನಗೆ ಈ ವಿಷಯ ಹತ್ತಿರ ಆಗಿರೋದು ಜನರಿಂದ ಅಕ್ಕ. ಮೊದಲು ಪಹಣಿ ಅಂದ್ರೆ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಟ್ಟಾಗ ಆಯ್ತು. ಭೂಮಿ ಯೋಜನೇಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಸೇರಿ, ತಾಲ್ಲೂಕು ಕಚೇರಿಯ ಕಿಂಡೀಲಿ 15 ರೂಪಾಯಿ ಕೊಟ್ಟರೆ ಹಾಳೆ ಕೈಗೆ ಬರೋಕೆ ಶುರುವಾಯ್ತು. ಈ ಶತಮಾನದ ಆರಂಭದ ಆ ಕೆಲಸವನ್ನ ಬೇರೆ ದೇಶದವರೂ ಬಂದು ನೋಡಿಕೊಂಡು ಹೋದರು. ಆಮೇಲೆ ನಾಡಕಚೇರಿಗಳು ಬಂದವು, ಜಾತಿ, ಆದಾಯ ಪ್ರಮಾಣಪತ್ರ ಹೋಬಳೀಲೇ ಸಿಗೋ ಹಾಗಾಯ್ತು. ಇಷ್ಟೆಲ್ಲ ದೊಡ್ಡ ವ್ಯವಸ್ಥೆ ಕಟ್ಟಿ ಕೊನೇ ಗೇಣು ಉಳಿಯೋದು ಆ ಪ್ರಿಂಟರಿನ ಬಾಯಲ್ಲಿ. ಜೂನ್ ತಿಂಗಳಲ್ಲಿ ಮಕ್ಕಳ ಅಡ್ಮಿಶನ್ನಿಗೆ ಅಂತ ಹಳ್ಳಿಮೈಸೂರಿನ ಕಡೆಯಿಂದ, ಕೊಣನೂರಿನ ಕಡೆಯಿಂದ ಕೂಲಿ ಬಿಟ್ಟು ಬಸ್ ಹತ್ತಿ ಬಂದವರಿಗೆ ಏನು ಹೇಳ್ತಾರೆ ಗೊತ್ತಾ? "ಸರ್ವರ್ ಇಲ್ಲ, ನಾಳೆ ಬನ್ನಿ." ಸರ್ವರ್ ಬೆಂಗಳೂರಲ್ಲಿ ಚೆನ್ನಾಗೇ ನಡೀತಿರುತ್ತೆ. ಅವರ ಪತ್ರ ಕಂಪ್ಯೂಟರಿನ ಪರದೆ ಮೇಲೆ ಬಂದೂ ಆಗಿರುತ್ತೆ. ನಿಂತಿರೋದು ಸ್ಪೂಲರಲ್ಲಿ. ನಿಮ್ಮ ಆಫೀಸಲ್ಲಾದ್ರೂ ಆ ಮಾತು ಹೇಳೋಕೆ ಬಿಡಬೇಡಿ. ಹಾಳೆ ಬರಲಿಲ್ಲ ಅಂದ್ರೆ ಪಿಡಿಎಫ್ ಮಾಡಿ ಇನ್ನೊಂದು ವಿಭಾಗದ ಪ್ರಿಂಟರಲ್ಲಿ ತೆಗೆಸಿ ಕೊಡಿ, ಜನರನ್ನ ವಾಪಸ್ ಕಳಿಸೋದು ಕೊನೇ ಉಪಾಯ ಆಗಿರಲಿ.

ನಾಳೆ ನೀವು ಮಾಡಬೇಕಾದ್ದು ಇಷ್ಟು. ಎಫ್‌ಡಿಎ ಮೇಡಂಗೆ ಫೋನ್ ಮಾಡಿ ಅವರ ಕಂಪ್ಯೂಟರ್ ಆನ್ ಮಾಡೋಕೆ ಒಪ್ಪಿಗೆ ತಗೊಳ್ಳಿ. ಸ್ಪೂಲರ್ ಖಾಲಿ ಮಾಡಿಸಿ, ಅವರ ಕಂಪ್ಯೂಟರಿಂದಲೇ ಒಂದು ಟೆಸ್ಟ್ ಪೇಜ್ ತೆಗೀರಿ. ಅದು ಬಂದರೆ ಪ್ರಿಂಟರ್ ಚೆನ್ನಾಗಿದೆ, ಆಮೇಲೆ ನಿಮ್ಮ ಟೇಬಲ್ಲಿಂದ ತೆಗೀರಿ. ನಿಮ್ಮದರಲ್ಲಿ ಒಂದೇ ಪ್ರಿಂಟರ್ "ಕಾಪಿ 1", "ಕಾಪಿ 2" ಅಂತ ಮೂರು ಸಲ ಕಾಣಿಸ್ತಿದ್ದರೆ, ಸರಿಯಾಗಿ ನಡೆಯೋದೊಂದನ್ನ ಇಟ್ಟು ಮಿಕ್ಕಿದ್ದು ತೆಗೆದುಹಾಕಿ.

ಅಂದಹಾಗೆ, ಮಾರ್ಚ್ ಒಳಗೆ ಹೊಸ ಪ್ರಿಂಟರಿಗೆ ಕ್ವೊಟೇಶನ್ ಕರೀತಾರೆ ಅಂದ್ರಲ್ಲ, ಆಗ ಸಾಹೇಬರಿಗೆ ಒಂದು ಮಾತು ಹೇಳಿ. ಸಾವಿರ, ಎರಡು ಸಾವಿರ ಉಳಿಯುತ್ತೆ ಅಂತ ಬರೀ ಯುಎಸ್‌ಬಿ ಇರೋ ಮಾದರಿ ತರಬೇಡಿ, ಈಥರ್ನೆಟ್ ಪೋರ್ಟ್ ಇರೋದನ್ನೇ ಕೇಳಿ. ಬರೀ ವೈಫೈ ಇರೋದೂ ಬೇಡ, ಆ ದಪ್ಪ ಗೋಡೆಯ ಕಟ್ಟಡದಲ್ಲಿ ಸಿಗ್ನಲ್ ನಿಲ್ಲಲ್ಲ. ಹಾಳೆಯ ಎರಡೂ ಬದಿ ತಾನೇ ಮುದ್ರಿಸೋದಾದ್ರೆ ಕಾಗದದ ಖರ್ಚು ಅರ್ಧಕ್ಕೆ ಬರುತ್ತೆ. ಕಾರ್ಟ್ರಿಡ್ಜ್ ಇಲ್ಲೇ ಹಾಸನದಲ್ಲಿ ಸಿಗುತ್ತಾ, ಒಂದಕ್ಕೆ ಎಷ್ಟು ಹಾಳೆ, ಅದನ್ನೂ ಬರೆಸಿಕೊಳ್ಳಿ. ಪಟ್ಟಿ ಕೈಗೆ ಬಂದ ದಿನ ಸಂಜೆ ತಗೊಂಡು ಬನ್ನಿ ಅಕ್ಕ, ಮಾದರಿ ಸಂಖ್ಯೆ ನೋಡಿ ಯಾವುದು ಬೇಕು ಯಾವುದು ಬೇಡ ಅಂತ ಇಲ್ಲೇ ನಿಂತು ಗುರುತು ಹಾಕಿ ಕೊಡ್ತೀನಿ.